ಕೊಡಿಯಾಲ್‌ಬೈಲಿನ ಪೇಟೆಂಟ್ ಸಲಹಾ ಕಚೇರಿ: ಕೇಸು ಹಾಕುವ ಮೊದಲು ಲೆಕ್ಕ ಹಾಕುವವರು

ಮಂಗಳೂರಿನ ಬೈಕಂಪಾಡಿಯಲ್ಲಿ ಅಡಿಕೆ ಸುಲಿಯುವ ಯಂತ್ರ ತಯಾರಿಸುವ ಸಣ್ಣ ವರ್ಕ್‌ಶಾಪ್ ನನ್ನದು. ಕಾಯಿಯ ಗಾತ್ರಕ್ಕೆ ತಕ್ಕಂತೆ ಬ್ಲೇಡ್ ತಾನಾಗಿ ಸರಿಯುವ ಭಾಗಕ್ಕೆ ಪೇಟೆಂಟ್ ಇದೆ. ಪುತ್ತೂರು ಕಡೆಯ ತಯಾರಕನೊಬ್ಬ ಅದನ್ನು ಹಾಗೆಯೇ ನಕಲು ಮಾಡಿ ಮಾರತೊಡಗಿದ. ಸುಮ್ಮನೆ ಬಿಡುವುದಿಲ್ಲ ಎಂದುಕೊಂಡೇ ಈ ಕಚೇರಿಯ ಮೆಟ್ಟಿಲು ಹತ್ತಿದ್ದೆ.

ವಕೀಲೆ ಮೊದಲು ಕೇಳಿದ್ದು, ಯಂತ್ರದ ಮೇಲೆ ಪೇಟೆಂಟ್ ಸಂಖ್ಯೆ ಇದೆಯೇ ಎಂದು. ಇತ್ತು. 1970ರ ಪೇಟೆಂಟ್ ಕಾಯ್ದೆಯ 111ನೇ ಕಲಂ ಪ್ರಕಾರ, ಪೇಟೆಂಟ್ ಇರುವುದೇ ಗೊತ್ತಿರಲಿಲ್ಲ, ಇದೆ ಎಂದು ನಂಬಲು ಕಾರಣವೂ ಇರಲಿಲ್ಲ ಎಂದು ಸಾಬೀತುಪಡಿಸಿದವನು ಪರಿಹಾರ ಕೊಡಬೇಕಿಲ್ಲ. ಸಂಖ್ಯೆಯಿಲ್ಲದೆ ಬರೀ ‘ಪೇಟೆಂಟ್’ ಎಂದು ಬರೆದಿದ್ದರೆ ಸಾಲದಂತೆ.

ಆಮೇಲೆ ಕ್ಯಾಲ್ಕುಲೇಟರ್ ಹೊರಬಂತು. ನನಗೆ ಹಿಡಿಸಿದ್ದು ಇದೇ. ತಡೆಯಾಜ್ಞೆಯ ಜೊತೆಗೆ ನನ್ನ ನಷ್ಟವನ್ನಾದರೂ ಕೇಳಬಹುದು, ಆತನ ಲಾಭವನ್ನಾದರೂ ಕೇಳಬಹುದು. 108ನೇ ಕಲಂ ಎರಡನ್ನೂ ಒಟ್ಟಿಗೆ ಕೊಡುವುದಿಲ್ಲ. ಒಂದು ಯಂತ್ರಕ್ಕೆ ನನಗೆ ಉಳಿಯುವುದು ಸುಮಾರು 12 ಸಾವಿರ, ಅಗ್ಗಕ್ಕೆ ಮಾರುವ ಆತನಿಗೆ ನಾಲ್ಕೋ ಐದೋ. ನಷ್ಟವನ್ನೇ ಕೇಳೋಣ ಎಂದೆ. ‘ಅವರಲ್ಲಿ ಕೊಂಡವರೆಲ್ಲ ನಿಮ್ಮ ಬೆಲೆಗೂ ಕೊಳ್ಳುತ್ತಿದ್ದರೇ? ಎಷ್ಟೋ ಜನ ಕೂಲಿಯವರಿಂದಲೇ ಸುಲಿಸಿಕೊಳ್ಳುತ್ತಿದ್ದರು’ ಎಂದರು. ಸರಿ, ಲಾಭ ಕೇಳಿದರೆ? ಆತನ ವ್ಯಾಪಾರಕ್ಕೆ ಸರಿಯಾದ ಬಿಲ್ಲೇ ಇಲ್ಲ. ಮೇಲಾಗಿ ಮೋಟಾರು, ಚೌಕಟ್ಟು ನಾನು ಕಂಡುಹಿಡಿದದ್ದಲ್ಲವಲ್ಲ, ಅವುಗಳ ಪಾಲಿನ ಲಾಭ ಕೇಳುವಂತಿಲ್ಲ.

ನಿಜವಾದ ಬಲ ಇರುವುದು ತಡೆಯಾಜ್ಞೆಯಲ್ಲಿ. ಈ ಯಂತ್ರಕ್ಕೆ ಗಿರಾಕಿ ಬರುವುದು ಅಡಿಕೆ ಒಣಗಿ ಅಂಗಳ ಖಾಲಿಯಾದ ಮೇಲಿನ ಕೆಲವು ತಿಂಗಳು. ಆಗ ಮಾರಾಟ ನಿಂತರೆ ಆತನಿಗೆ ವರ್ಷವೇ ಹೋದ ಹಾಗೆ. ಆದರೆ ಹಣದಿಂದ ತುಂಬಿಕೊಡಬಹುದಾದ ನಷ್ಟ ಎಂದು ನ್ಯಾಯಾಲಯಕ್ಕೆ ಅನ್ನಿಸಿದರೆ ಮಧ್ಯಂತರ ತಡೆ ಸಿಗುವುದು ಕಷ್ಟ. ಪೇಟೆಂಟನ್ನೇ ರದ್ದುಮಾಡಿ ಎಂದು ಆತ ಪ್ರತಿದಾವೆ ಹೂಡಿದರೆ ದಾವೆ ಜಿಲ್ಲಾ ನ್ಯಾಯಾಲಯದಿಂದ ಬೆಂಗಳೂರಿನ ಹೈಕೋರ್ಟಿಗೆ ಹೋಗುತ್ತದೆ. ಶಿರಾಡಿ ಘಾಟಿ ಹತ್ತಿಳಿಯುವ ಖರ್ಚು ಬೇರೆ.

ಹಾಗಾಗಿ ವಕೀಲೆ ಸೂಚಿಸಿದ್ದು ಪರವಾನಗಿ, ಅಂದರೆ ಹಣ ಪಡೆದು ಆತನಿಗೇ ತಯಾರಿಸಲು ಒಪ್ಪಿಗೆ ಕೊಡುವುದು. ಕೇಸಿಗೆ ಸಿಗುತ್ತಿದ್ದ ಶುಲ್ಕವನ್ನು ಬಿಟ್ಟು ಹೀಗೆ ಹೇಳುವ ವಕೀಲರು ಎಷ್ಟು ಮಂದಿ ಇದ್ದಾರೋ! ಆಧಾರವಿಲ್ಲದೆ ಬೆದರಿಸಿದರೆ 106ನೇ ಕಲಂ ಹಿಡಿದು ಆತನೇ ನಮ್ಮ ಮೇಲೆ ದಾವೆ ಹೂಡಬಹುದು, ಪೇಟೆಂಟ್ ಇದೆ ಎಂದಷ್ಟೇ ತಿಳಿಸುವುದು ಬೆದರಿಕೆಯಾಗದು ಎಂದು ವಿವರಿಸಿ, ಅಷ್ಟೇ ಇರುವ ಪತ್ರ ಬರೆದುಕೊಟ್ಟರು. ಸಾಕಷ್ಟು ಚೌಕಾಸಿಯ ನಂತರ ಆತ ಯಂತ್ರಕ್ಕೆ 1500 ರೂಪಾಯಿ ರಾಯಲ್ಟಿಗೆ ಒಪ್ಪಿದ. ಕೇಳಿದ್ದು 2500.

ಕೊರತೆಯೂ ಇದೆ. ಪೇಟೆಂಟಿನಲ್ಲಿ ನನ್ನದೆಂದು ಹಕ್ಕು ಹೇಳಿಕೊಂಡ ಅಂಶಗಳನ್ನು ನಕಲು ಯಂತ್ರದೊಂದಿಗೆ ಹೋಲಿಸುವ ಪಟ್ಟಿಗೆ ಪ್ರತ್ಯೇಕ ಶುಲ್ಕವೆಂದು ಮೊದಲೇ ಹೇಳಲಿಲ್ಲ. ಬಿಲ್ಲು ನೋಡಿ ಸಿಟ್ಟು ಬಂತು. ರಸೀದಿಗೂ ಎರಡೆರಡು ಸಲ ಫೋನ್ ಮಾಡಬೇಕಾಯಿತು. ಅದಕ್ಕೇ ಐದರಲ್ಲಿ ನಾಲ್ಕು ಅಂಕ.

ಹೋಗುವವರು ನಕಲು ಮಾಲಿನ ಫೋಟೊ, ನಿಮ್ಮ ಮಾರಾಟದ ಬಿಲ್ಲುಗಳು, ನವೀಕರಣ ಶುಲ್ಕ ಕಟ್ಟಿದ ರಸೀದಿ ಒಯ್ಯಿರಿ. ಕಾರು ನಿಲ್ಲಿಸಲು ಜಾಗವಿಲ್ಲ, ಬಸ್ಸಿನಲ್ಲಿ ಹೋಗುವುದೇ ವಾಸಿ.