ಹೇಡೀಸ್ ಗೇಮ್: ಕತ್ತಿ ಬೀಸಲು ಕೂತವನಿಗೆ ಸಿಗುವುದು ಮನೆ ಜಗಳ

ಗ್ರೀಕ್ ಪುರಾಣದ ಗೇಮ್‌ಗಳಲ್ಲಿ ಕೊಚ್ಚುವುದೇ ಜಾಸ್ತಿ. ಸೂಪರ್‌ಜೈಂಟ್ ಗೇಮ್ಸ್‌ನವರು 2020ರಲ್ಲಿ ಪೂರ್ತಿಯಾಗಿ ಬಿಡುಗಡೆ ಮಾಡಿದ ಹೇಡೀಸ್‌ನಲ್ಲೂ ಅದು ಬೇಕಾದಷ್ಟಿದೆ. ಹೀರೋ ಝಾಗ್ರಿಯಸ್, ಪಾತಾಳದ ದೊರೆ ಹೇಡೀಸ್‌ನ ಮಗ. ಪಾತಾಳದ ಭಾಗಗಳಾದ ಟಾರ್ಟರಸ್, ಆಸ್ಫೊಡೆಲ್, ಎಲಿಸಿಯಮ್ ದಾಟಿ ಮೇಲಿನ ಲೋಕಕ್ಕೆ ಓಡಿಹೋಗಬೇಕು. ಸತ್ತರೆ ಮತ್ತೆ ಅಪ್ಪನ ಮನೆಯಲ್ಲೇ, ರಕ್ತದ ಕೊಳದಿಂದ ಎದ್ದು ಬರುತ್ತಾನೆ, ಅಪ್ಪ ಮೇಜಿನ ಹಿಂದೆ ಕೂತು ಕುಟುಕುತ್ತಾನೆ.

ಮಜಾ ಇರುವುದೇ ಅಲ್ಲಿ. ಸತ್ತು ಬಂದಾಗಲೆಲ್ಲ ಮನೆಯವರ ಮಾತು ಒಂದಿಷ್ಟು ಮುಂದಕ್ಕೆ ಹೋಗುತ್ತದೆ, ಅಮ್ಮ ಪರ್ಸೆಫೋನಿ ಯಾಕೆ ಹೋದಳು, ಅಪ್ಪ ಯಾಕೆ ಬಾಯಿ ಬಿಡುವುದಿಲ್ಲ ಅನ್ನುವುದು ಚೂರುಚೂರಾಗಿ ಗೊತ್ತಾಗುತ್ತದೆ. ಆಮೇಲೆ ನಾವು ಓಡುವುದು ಗೆಲ್ಲುವುದಕ್ಕೋ, ಮುಂದಿನ ಮಾತು ಕೇಳುವುದಕ್ಕೋ ಅನ್ನುವ ಅನುಮಾನ ಶುರುವಾಗುತ್ತದೆ.

ನನಗೆ ತುಂಬಾ ಹಿಡಿಸಿದವನು ಅಕಿಲೀಸ್. ಟ್ರಾಯ್ ಯುದ್ಧದ ಗ್ರೀಕ್ ಮಹಾಕಾವ್ಯ ಇಲಿಯಡ್‌ನಲ್ಲಿ ಅವನು ಟ್ರಾಯ್‌ನ ರಾಜಕುಮಾರ ಹೆಕ್ಟರ್‌ನನ್ನು ಕೊಂದ, ಸರಿ. ಆದರೆ ತನ್ನ ಸಿಟ್ಟನ್ನು ಮಾತ್ರ ಗೆಲ್ಲಲಿಲ್ಲ. ಗ್ರೀಕರ ದಂಡನಾಯಕ ಅಗಮೆಮ್ನಾನ್ ಅವಮಾನ ಮಾಡಿದ ಅಂತ ಯುದ್ಧ ಬಿಟ್ಟು ಕೂತ, ಅಕಿಲೀಸ್‌ನ ಕವಚ ತೊಟ್ಟು ಹೋದ ಜೀವದ ಗೆಳೆಯ ಪೆಟ್ರೋಕ್ಲಸ್ ಸತ್ತ. ಗೇಮ್ ಶುರುವಾಗುವುದು ಇದೆಲ್ಲ ಮುಗಿದ ಮೇಲೆ. ಅಕಿಲೀಸ್ ಹೇಡೀಸ್‌ನ ಮನೆಯಲ್ಲಿ ಕಾವಲು ನಿಂತಿದ್ದಾನೆ, ಪೆಟ್ರೋಕ್ಲಸ್ ಎಲಿಸಿಯಮ್‌ನಲ್ಲಿ ಒಬ್ಬನೇ ಮಂಕಾಗಿ ಕೂತಿದ್ದಾನೆ. ಇಬ್ಬರಲ್ಲಿ ಒಬ್ಬನ ಜೊತೆಗೂ ನಾವು ಹೊಡೆದಾಡುವುದಿಲ್ಲ, ಬರೀ ಮಾತು. ಟ್ರಾಯ್‌ನ ಅಷ್ಟು ದೊಡ್ಡ ಯುದ್ಧವನ್ನು ತೋರಿಸದೆ ಅದರ ನೋವನ್ನು ಮಾತ್ರ ಇಟ್ಟಿದ್ದಾರಲ್ಲ, ಅದಕ್ಕೆ ಪೂರ್ತಿ ಮಾರ್ಕ್ಸ್.

ಥೀಸಿಯಸ್ ವಿಷಯದಲ್ಲಿ ಮಾತ್ರ ಬೇಜಾರು. ಪುರಾಣದಲ್ಲಿ ಅವನು ಗೂಳಿ ತಲೆಯ ರಾಕ್ಷಸ ಮಿನೋಟಾರ್‌ನನ್ನು ಕೊಂದು, ಸಹಾಯ ಮಾಡಿದ ಅರಿಯಾಡ್ನಿಯನ್ನು ನಕ್ಸೋಸ್ ದ್ವೀಪದಲ್ಲಿ ಬಿಟ್ಟು ಬಂದವನು. ಬದುಕಿ ಬಂದರೆ ಹಡಗಿನ ಕಪ್ಪು ಹಾಯಿ ತೆಗೆದು ಬಿಳಿಯದು ಕಟ್ಟುತ್ತೇನೆ ಅಂದಿದ್ದವನು ಅದನ್ನು ಬದಲಿಸಲು ಮರೆತ, ಮಗ ಸತ್ತ ಅಂದುಕೊಂಡು ಅಪ್ಪ ಈಜಿಯಸ್ ಪ್ರಾಣ ಬಿಟ್ಟ. ಎಷ್ಟು ಸರಕಿತ್ತು ನೋಡಿ! ಇಲ್ಲಿ ಅವನು ಜಂಬ ಕೊಚ್ಚುವ ಕೋಡಂಗಿ. ನಗು ಬರುತ್ತದೆ, ನಿಜ. ಆದರೆ ಪಕ್ಕದಲ್ಲಿ ಜೊತೆಗಾರನಾಗಿ ನಿಂತ ಮಿನೋಟಾರ್ ಆಸ್ಟೀರಿಯಸ್‌ಗೇ ಅವನಿಗಿಂತ ಗಾಂಭೀರ್ಯ ಜಾಸ್ತಿ.

ಹೊಡೆದಾಟ ಸಖತ್ ವೇಗ. ಕೈ ಓಡದವರು ಸೆಟ್ಟಿಂಗ್ಸ್‌ನಲ್ಲಿ ಗಾಡ್ ಮೋಡ್ ಹಾಕಿಕೊಳ್ಳಿ, ನಮಗೆ ಬೀಳುವ ಏಟು ಮೊದಲೇ 20% ಕಡಿಮೆಯಾಗುತ್ತದೆ, ಪ್ರತಿ ಸಾವಿಗೂ ಇನ್ನೊಂದು 2% ಸೇರುತ್ತದೆ, ಕಥೆ ಒಂದಿಷ್ಟೂ ಕಟ್ ಆಗುವುದಿಲ್ಲ. ಮಾತು ರಾಶಿ ರಾಶಿ ಇದೆ, ಅದನ್ನು ಸ್ಕಿಪ್ ಮಾಡುವವರು ಈ ಗೇಮ್ ಕೊಳ್ಳಲೇಬೇಡಿ.