“ಎನ್‌ಎಂಸಿ ಅಪ್ರೂವ್ಡ್” ಅಂತ ಹೇಳಿ ಮಕ್ಕಳನ್ನು ಎಂಬಿಬಿಎಸ್‌ಗೆ ಹೊರದೇಶಕ್ಕೆ ಕಳಿಸುವವರ ಬಗ್ಗೆ ಹುಷಾರಾಗಿರಿ

ಯಾರಾದರೂ ನಿಮ್ಮೆದುರು ಕೂತು “ನಮ್ಮದು ಎನ್‌ಎಂಸಿ ಅಪ್ರೂವ್ಡ್ ಫಾರಿನ್ ಕಾಲೇಜು” ಅಂದರೆ ಅಲ್ಲಿಂದ ಎದ್ದು ಬನ್ನಿ. ಮಾತು ಮುಂದುವರಿಸಲೇಬೇಡಿ. ಎನ್‌ಎಂಸಿ ಅಂದರೆ ನ್ಯಾಷನಲ್ ಮೆಡಿಕಲ್ ಕಮಿಷನ್, ನಮ್ಮ ದೇಶದ ಮೆಡಿಕಲ್ ಓದಿನ ಮೇಲ್ವಿಚಾರಣೆ ನೋಡುವ ಸಂಸ್ಥೆ. ಹೊರದೇಶದ ಯಾವ ಮೆಡಿಕಲ್ ಕಾಲೇಜಿಗೂ ಎನ್‌ಎಂಸಿ ಅಪ್ರೂವಲ್ ಕೊಡುವುದಿಲ್ಲ. ಪಟ್ಟಿ ಅಂತ ಇವರು ತೋರಿಸುತ್ತಾರಲ್ಲ, ಅದು ಇವರೇ ಪ್ರಿಂಟ್ ಹಾಕಿಸಿದ್ದು. 2021ರ ನವೆಂಬರ್‌ನಲ್ಲಿ ಗೆಜೆಟ್ ಆದ ಒಂದು ನಿಯಮ ಇದೆ, ಅಷ್ಟೇ. 54 ತಿಂಗಳ ಪಾಠ, ಅದು ಮುಗಿದ ಮೇಲೆ ಅದೇ ಕಾಲೇಜಿನಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಪಾಠವೆಲ್ಲ ಇಂಗ್ಲಿಷಿನಲ್ಲಿ, ಆ ದೇಶದವರಿಗೆ ಸಿಗುವ ಹಾಗೆಯೇ ಅಲ್ಲಿ ಪ್ರಾಕ್ಟೀಸ್ ಮಾಡುವ ಲೈಸೆನ್ಸಿಗೆ ಅರ್ಹತೆ. ಇದರಲ್ಲಿ ಒಂದು ತಪ್ಪಿದರೂ ಅಷ್ಟು ವರ್ಷದ ಓದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇಷ್ಟನ್ನೂ ನಮಗೆ ಮೊದಲು ಬಾಯಿಪಾಠ ಮಾಡಿಸಿದವನು ಯಾರು ಗೊತ್ತಾ? ನಮ್ಮನ್ನು ಮುಳುಗಿಸಿದವನೇ. ಅದಕ್ಕೇ ಹೊಟ್ಟೆ ಉರಿಯೋದು. ಕನ್ಸಲ್ಟೆನ್ಸಿಯ ಹೆಸರು ಹಾಕುತ್ತಿಲ್ಲ. ಕೇಸು ನಡೀತಾ ಇದೆ, ವಕೀಲರು ಬೇಡ ಅಂದಿದ್ದಾರೆ.

ನಮ್ಮದು ಹರಿಹರ. ನಾನು ಮೆಡಿಕಲ್ ಶಾಪ್ ಇಟ್ಟುಕೊಂಡವನು. ಮಗಳು 2024ರಲ್ಲಿ ನೀಟ್ ಬರೆದಳು. ಆ ವರ್ಷ ಏನೇನಾಯಿತು ಅಂತ ನಿಮಗೆಲ್ಲ ಗೊತ್ತೇ ಇದೆ, ಮಾರ್ಕ್ಸು ಎಲ್ಲರಿಗೂ ಏರಿ ಕೂತಿದ್ದವು. ಕ್ವಾಲಿಫೈ ಆಗೋಕೆ ಜನರಲ್‌ನಲ್ಲಿ 162 ಬಂದರೆ ಸಾಕಿತ್ತು, ಅವಳಿಗೆ ಅದರ ಎರಡು ಪಟ್ಟಿಗಿಂತ ಜಾಸ್ತಿ ಬಂದಿತ್ತು. ಆದರೂ ಸರ್ಕಾರಿ ಸೀಟಿನ ಮಾತೇ ಇಲ್ಲ. ಕೆಇಎ (ರಾಜ್ಯದ ಪರೀಕ್ಷಾ ಪ್ರಾಧಿಕಾರ) ಮೂಲಕ ಸಿಗುವ ಪ್ರೈವೇಟ್ ಸೀಟಿಗೆ ವರ್ಷಕ್ಕೆ ಹತ್ತು ಲಕ್ಷದ ಮೇಲೆ, ಮ್ಯಾನೇಜ್‌ಮೆಂಟ್ ಕೋಟಾ ಕೇಳಿದರೆ ಮನೆ ಮಾರಬೇಕು. ಅಷ್ಟರಲ್ಲಿ ಫೋನು ಶುರುವಾಯಿತು. ನಮ್ಮ ನಂಬರ್ ಹೇಗೆ ಸಿಕ್ಕಿತೋ. “ಅಂಕಲ್, ಮಗಳ ಸ್ಕೋರಿಗೆ ಯುರೋಪಿನಲ್ಲೇ ಸೀಟಿದೆ.”

ದಾವಣಗೆರೆಯ ಒಂದು ಹೋಟೆಲಿನಲ್ಲಿ ಸೆಮಿನಾರ್. ಎಸಿ ಹಾಲ್, ಬಾದಾಮಿ ಹಾಲು, ಸೂಟು ಹಾಕಿದ ಹುಡುಗ. ದೊಡ್ಡ ಪರದೆ ಮೇಲೆ ದೇಶ ದೇಶ ತೋರಿಸಿ ಒಂದೊಂದನ್ನೇ ಹೊಡೆದು ಹಾಕಿದ. ಉಕ್ರೇನ್ ಬೇಡವೇ ಬೇಡ ಅಂದ. ಅದನ್ನು ನಮ್ಮ ಕಡೆಯವರಿಗೆ ಯಾರೂ ಹೇಳಬೇಕಾಗಿಲ್ಲ. ಅಲ್ಲಿ ಮೆಡಿಕಲ್ ಓದುತ್ತಿದ್ದ ಚಳಗೇರಿಯ ನವೀನ್ 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಯುದ್ಧದಲ್ಲಿ ತೀರಿಕೊಂಡ, ಹರಿಹರದಿಂದ ರಾಣೆಬೆನ್ನೂರಿಗೆ ಹೋಗುವಾಗೆಲ್ಲ ಆ ಊರು ದಾಟಿಯೇ ಹೋಗುತ್ತೇವೆ. ರಷ್ಯಾದಲ್ಲಿ ಎಷ್ಟೋ ಕಡೆ ಮೊದಲ ಮೂರು ವರ್ಷ ಇಂಗ್ಲಿಷ್, ಆಮೇಲೆ ರಷ್ಯನ್, ಹಾಗೆ ಎರಡು ಭಾಷೆಯಲ್ಲಿ ಓದಿದರೆ ಎನ್‌ಎಂಸಿ ಒಪ್ಪಲ್ಲ ಅಂದ. ಚೀನಾದಲ್ಲಿ ಚೈನೀಸ್ ಕಲಿಯದೆ ವಾರ್ಡಿಗೆ ಬಿಡಲ್ಲ ಅಂದ. ಬಾಂಗ್ಲಾದೇಶದ ಸಿಲೆಬಸ್ ನಮ್ಮದರ ಹಾಗೇ ಇದೆ, ಆದರೆ ಅಲ್ಲಿ ಈಗ ಗಲಾಟೆ, ಫೀಸೂ ಜಾಸ್ತಿ ಅಂದ. ಫಿಲಿಪೈನ್ಸ್ ಬಂದಾಗ ಅವನ ಮುಖ ನೋಡಬೇಕಿತ್ತು. ಬೇರೆ ಕನ್ಸಲ್ಟೆನ್ಸಿಯವರು ಅಲ್ಲಿಗೆ ಕಳಿಸುತ್ತಾರಲ್ಲ, ಅದಕ್ಕೆ. “ಅಲ್ಲಿ ಎಂಬಿಬಿಎಸ್‌ಗೆ ಎಂಡಿ ಅಂತಾರೆ, ಆ ಕೋರ್ಸು 48 ತಿಂಗಳು ಅಂಕಲ್! ಅದಕ್ಕೆ ಮುಂಚೆ ಮಾಡೋ ಬಿಎಸ್ ಡಿಗ್ರಿನ ಎನ್‌ಎಂಸಿ ಲೆಕ್ಕಕ್ಕೇ ತಗೊಳ್ಳಲ್ಲ. 54 ಬೇಕು, ಅಲ್ಲಿರೋದು 48. ಮಕ್ಕಳ ಜೀವನ ಹಾಳು ಮಾಡ್ತಿದಾರೆ ಅವರು.” ಬೋರ್ಡಿನ ಮೇಲೆ 54 ಅಂತ ಬರೆದು ಸುತ್ತ ಕೆಂಪು ಪೆನ್ನಲ್ಲಿ ಗೋಲ ಸುತ್ತಿದ. ಆ ಕೆಂಪು ಗೋಲ ಇವತ್ತಿಗೂ ಕಣ್ಣ ಮುಂದೆ ಇದೆ.

ಕೊನೆಗೆ ಉಳಿದಿದ್ದು ಜಾರ್ಜಿಯಾ. ಟಿಬಿಲಿಸಿ. ಆರು ವರ್ಷದ ಕೋರ್ಸು, ಇಂಗ್ಲಿಷ್ ಮೀಡಿಯಂ, ಸೇಫ್. ನಾವು ಆಯ್ಕೆ ಮಾಡಿಕೊಂಡೆವು ಅಂದುಕೊಂಡೆವು, ಆಯ್ಕೆ ಮಾಡಿದವನು ಅವನು.

ದುಡ್ಡಿನ ವಿಷಯ ಬರೀತೀನಿ, ಇದನ್ನು ಸರಿಯಾಗಿ ಓದಿ. ಮೊದಲ ವರ್ಷದ ಪ್ಯಾಕೇಜ್ ಅಂತ ಆರೂ ಮುಕ್ಕಾಲು ಲಕ್ಷ. ನಾನು ಬ್ಯಾಂಕಿನಿಂದ ನೇರ ಯೂನಿವರ್ಸಿಟಿ ಅಕೌಂಟಿಗೆ ಕಳಿಸ್ತೀನಿ ಅಂದೆ. “ಬೇಡ ಅಂಕಲ್, ಬ್ಯಾಂಕಲ್ಲಿ ಕಳಿಸಿದ್ರೆ 20 ಪರ್ಸೆಂಟ್ ಟಿಸಿಎಸ್ ಕಟ್ ಆಗುತ್ತೆ, ಸುಮ್ನೆ ಒಂದು ಲಕ್ಷದ ಮೇಲೆ ಲಾಸು” ಅಂದ. ಟಿಸಿಎಸ್ ಅಂದರೆ ವಿದೇಶಕ್ಕೆ ದುಡ್ಡು ಕಳಿಸುವಾಗ ಬ್ಯಾಂಕಿನವರು ಮೊದಲೇ ಹಿಡಿದುಕೊಳ್ಳುವ ತೆರಿಗೆ. ಅವನು ಹೇಳಿದ್ದು ಶುದ್ಧ ಸುಳ್ಳು. ಆಗ ವರ್ಷಕ್ಕೆ ಏಳು ಲಕ್ಷದವರೆಗೆ ಟಿಸಿಎಸ್ಸೇ ಇರಲಿಲ್ಲ. ಅದರ ಮೇಲೆ ಹೋದರೂ ಓದಿಗೆ ಕಳಿಸುವ ದುಡ್ಡಿಗೆ ಇದ್ದದ್ದು 5 ಪರ್ಸೆಂಟ್, ಅದೂ ರಿಟರ್ನ್ಸ್ ಹಾಕಿದರೆ ಲೆಕ್ಕಕ್ಕೆ ಸಿಗುತ್ತೆ. 20 ಪರ್ಸೆಂಟ್ ಇದ್ದದ್ದು ಟೂರು, ಶೇರು ಇಂಥದ್ದಕ್ಕೆ. ಅರ್ಧ ದುಡ್ಡು ಕ್ಯಾಶ್ ತಗೊಂಡ, ಅರ್ಧ ಅವನ ಕರೆಂಟ್ ಅಕೌಂಟಿಗೆ ಹಾಕಿಸಿಕೊಂಡ. ರಸೀದಿ ಕೊಟ್ಟ. ಆ ರಸೀದಿಯಲ್ಲಿ ಏನಿದೆ ನೋಡಿ: “ಕನ್ಸಲ್ಟೆನ್ಸಿ ಸರ್ವಿಸ್ ಚಾರ್ಜ್”. ಟ್ಯೂಷನ್ ಫೀಸು ಅಂತ ಎಲ್ಲೂ ಇಲ್ಲ. ಯೂನಿವರ್ಸಿಟಿ ಹೆಸರಿಲ್ಲ. ದೇಶದ ಹೆಸರೂ ಇಲ್ಲ. ಜಿಎಸ್‌ಟಿ ನಂಬರ್ ಇರಬೇಕಾದ ಜಾಗದಲ್ಲಿ ಬರೀ ಗೆರೆ.

ಆಫೀಸಿನ ಗೋಡೆ ಮೇಲೆ ಫ್ರೇಮ್ ಹಾಕಿಸಿದ ಸರ್ಟಿಫಿಕೇಟ್ ಇತ್ತು. ಸಿಂಹದ ಲಾಂಛನ, “ಭಾರತ ಸರ್ಕಾರ”. ಗೌರ್ನಮೆಂಟ್ ರಿಜಿಸ್ಟರ್ಡ್ ಅಂತ ಅದನ್ನೇ ತೋರಿಸುತ್ತಿದ್ದ. ಆಮೇಲೆ ನಮ್ಮ ವಕೀಲರು ಅದರ ಫೋಟೋ ನೋಡಿ ನಕ್ಕರು. ಅದು ಉದ್ಯಮ್ ರಿಜಿಸ್ಟ್ರೇಷನ್, ಸಣ್ಣ ಉದ್ದಿಮೆಗಳ ನೋಂದಣಿ ಅಷ್ಟೇ. ಹಿಟ್ಟಿನ ಗಿರಣಿಯವರೂ ಮೊಬೈಲಲ್ಲೇ ಮಾಡಿಸಿಕೊಳ್ಳುತ್ತಾರೆ. ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟರಿಗೆ ಸರ್ಕಾರದ ಲೈಸೆನ್ಸ್ ಬೇಕು, ಓದೋಕೆ ಕಳಿಸುವವರಿಗೆ ಆ ಕಾನೂನು ಬರುವುದಿಲ್ಲವಂತೆ. ಯಾರು ಬೇಕಾದರೂ ಬೋರ್ಡ್ ಹಾಕಬಹುದು.

ಅಪೋಸ್ಟಿಲ್ (ಹೊರದೇಶದಲ್ಲಿ ನಡೆಯುವ ಹಾಗೆ ಸರ್ಕಾರದ ಮುದ್ರೆ) ಮಾಡಿಸಬೇಕು ಅಂತ ಒರಿಜಿನಲ್ ಎಸ್‌ಎಸ್‌ಎಲ್‌ಸಿ, ಪಿಯುಸಿ ಮಾರ್ಕ್ಸ್ ಕಾರ್ಡು, ಪಾಸ್‌ಪೋರ್ಟು ಎಲ್ಲ ಇಟ್ಟುಕೊಂಡ. ಅಲ್ಲಿಂದ ಜುಟ್ಟು ಅವನ ಕೈಯಲ್ಲಿ. ಸೆಪ್ಟೆಂಬರ್ ಕೊನೆಗೆ ಫೋನು: “ಸರ್, ಜಾರ್ಜಿಯಾ ಇನ್‌ಟೇಕ್ ಫುಲ್ ಆಗಿದೆ, ವೀಸಾನೂ ರಿಜೆಕ್ಟ್ ಆಗ್ತಿವೆ. ಕಿರ್ಗಿಸ್ತಾನದಲ್ಲಿ ಅದಕ್ಕಿಂತ ಒಳ್ಳೆ ಕಾಲೇಜಲ್ಲಿ ಕೊನೇ ಸೀಟು ಹಿಡಿದಿದೀನಿ.” ಅದೇ ವರ್ಷ ಮೇ ತಿಂಗಳಲ್ಲಿ ಬಿಷ್ಕೆಕ್‌ನಲ್ಲಿ ಹೊರದೇಶದ ವಿದ್ಯಾರ್ಥಿಗಳ ಹಾಸ್ಟೆಲಿಗೆ ಗುಂಪು ನುಗ್ಗಿ ಹೊಡೆದಿದ್ದು ಟಿವಿಯಲ್ಲಿ ಬಂದಿತ್ತು, ನಮ್ಮ ರಾಯಭಾರ ಕಚೇರಿಯವರು ಮಕ್ಕಳಿಗೆ ಹೊರಗೆ ಬರಬೇಡಿ ಅಂದಿದ್ದರು. ಕೇಳಿದರೆ, “ಅದೆಲ್ಲ ಮುಗಿದ ಕಥೆ ಸರ್, ನಮ್ಮವರನ್ನ ಮುಟ್ಟಲ್ಲ.” ಬೇಡ ಅಂದರೆ? “ಡಾಕ್ಯುಮೆಂಟ್ಸ್ ಅಲ್ಲಿ ಸಬ್‌ಮಿಟ್ ಆಗಿವೆ ಸರ್, ವಾಪಸ್ ಬರೋಕೆ ಮೂರು ತಿಂಗಳು. ಈ ವರ್ಷ ಹೋಯ್ತು ಅಂದ್ಕೊಳ್ಳಿ.” ಕೋರ್ಸು ಎಷ್ಟು ವರ್ಷ ಅಂತ ಕೇಳಿದೆ. ಕೇಳಿದ್ದೇನೆ, ವಾಯ್ಸ್ ಮೆಸೇಜ್ ಇದೆ. “ಆರು ವರ್ಷ ಸರ್, ಎನ್‌ಎಂಸಿ ಪ್ರಕಾರಾನೇ.”

ಮಗಳು ಹೋದಳು. ಸಂಬಂಧಿಕರು ಶಾಲು ಹೊದಿಸಿದರು. ನಮ್ಮ ಬೀದಿಯ ಹುಡುಗರು ಫ್ಲೆಕ್ಸ್ ಬೇರೆ ಹಾಕಿದರು. ಅದನ್ನು ನೆನೆಸಿಕೊಂಡರೆ ಈಗ ತಲೆ ಎತ್ತಿ ಓಡಾಡೋಕೆ ಆಗಲ್ಲ.

ಕ್ಲಾಸು ಶುರುವಾಗಿ ಸ್ವಲ್ಪ ದಿನಕ್ಕೆ ರಾತ್ರಿ ಫೋನು ಮಾಡಿದಳು. ಅಂಗಡಿ ಬಾಗಿಲು ಹಾಕುತ್ತಿದ್ದೆ. “ಅಪ್ಪಾಜಿ, ಇಲ್ಲಿ ಅಕೌಂಟ್ಸ್ ಸೆಕ್ಷನ್ನಿನಲ್ಲಿ ಫೀಸ್ ಚಾರ್ಟ್ ಅಂಟಿಸಿದಾರೆ. ವರ್ಷಕ್ಕೆ 2,800 ಡಾಲರ್. ಹಾಸ್ಟೆಲ್ 600.” ನಾನು ಶಟರ್ ಹಿಡಿದುಕೊಂಡೇ ಲೆಕ್ಕ ಹಾಕಿದೆ. ಮೂರು ಲಕ್ಷವೂ ಆಗಲ್ಲ. ಟಿಕೆಟ್, ವೀಸಾ ಸೇರಿಸಿದರೂ ನಾಲ್ಕು ಆಗಲ್ಲ. ಉಳಿದದ್ದು ಎಲ್ಲಿ? ಹೋಗಲಿ, ದುಡ್ಡು ಹೋದರೆ ಹೋಗಲಿ ಅನ್ನುವಷ್ಟರಲ್ಲಿ ಅವಳು ಇನ್ನೊಂದು ಹೇಳಿದಳು. “ಅಪ್ಪಾಜಿ, ಕೋರ್ಸು ಐದೇ ವರ್ಷ. ಐದನೇ ವರ್ಷಾನೇ ಇಂಟರ್ನ್‌ಶಿಪ್ ಅಂತೆ. ಸೀನಿಯರ್ಸ್ ಹೇಳಿದ್ರು. ಟೈಮ್ ಟೇಬಲ್ ಫೋಟೋ ಕಳಿಸಿದೀನಿ ನೋಡು.”

ಐದರಲ್ಲಿ ಒಂದು ಕಳೆದರೆ ನಾಲ್ಕು. ನಾಲ್ಕು ವರ್ಷ ಅಂದರೆ 48 ತಿಂಗಳು.

ನಲವತ್ತೆಂಟು! ಫಿಲಿಪೈನ್ಸ್ ಬಗ್ಗೆ ಅಷ್ಟು ಮಾತಾಡಿದವನು, ಮಕ್ಕಳ ಜೀವನ ಹಾಳು ಮಾಡ್ತಾರೆ ಅಂತ ಬಾಯಿ ಬಡಿದುಕೊಂಡವನು, ಕೆಂಪು ಗೋಲ ಸುತ್ತಿದವನು, ನನ್ನ ಮಗಳನ್ನು ಅದೇ 48ಕ್ಕೆ ಕಳಿಸಿದ್ದ. ಗೊತ್ತಿಲ್ಲದೆ ಮಾಡಿದ್ದರೆ ಬೇರೆ ಮಾತು. ಗೊತ್ತಿತ್ತು. ಅವನೇ ನಮಗೆ ಪಾಠ ಮಾಡಿದ್ದ.

ಅವನ ಉತ್ತರಗಳನ್ನು ಇದ್ದ ಹಾಗೇ ಹಾಕ್ತೀನಿ.

ಮೊದಲು: “ಟೆನ್ಷನ್ ತಗೋಬೇಡಿ ಸರ್, ಇಂಟರ್ನ್‌ಶಿಪ್ ಇಂಡಿಯಾಗೆ ಬಂದು ಮಾಡ್ಕೋಬಹುದು.” ಸುಳ್ಳು. ಅಲ್ಲಿ 12 ತಿಂಗಳು ಮಾಡಲೇಬೇಕು, ಇಲ್ಲಿ ಬಂದ ಮೇಲೆ ಇನ್ನೂ 12 ತಿಂಗಳು ಬೇರೆ.

ನಿಯಮದ ಪಿಡಿಎಫ್ ಕಳಿಸಿದೆ. “ಅವಳು ಪಾಸಾಗೋಷ್ಟರಲ್ಲಿ ರೂಲ್ಸ್ ಚೇಂಜ್ ಆಗುತ್ತೆ ಸರ್.”

ಆಮೇಲೆ: “ನಮ್ಮ ಕಡೆಯಿಂದ ಇಷ್ಟು ಮಕ್ಕಳು ಹೋಗಿದಾರೆ, ಯಾರ ಪೇರೆಂಟ್ಸೂ ಈ ಥರ ಕೇಳಿಲ್ಲ. ನೀವೊಬ್ರೇ ನೆಗೆಟಿವ್.” ನೆಗೆಟಿವ್ ಅಂತೆ!

ಆಮೇಲೆ: “ಸೆಕೆಂಡ್ ಇಯರ್‌ಗೆ ಜಾರ್ಜಿಯಾಕ್ಕೆ ಟ್ರಾನ್ಸ್‌ಫರ್ ಮಾಡಿಸ್ತೀನಿ, ಒಂದೂವರೆ ಲಕ್ಷ ಆಗುತ್ತೆ.” ಇದನ್ನು ಕೇಳಿ ನನಗೆ ನಗು ಬಂತೋ ಅಳು ಬಂತೋ ಗೊತ್ತಿಲ್ಲ. ಇಡೀ ಕೋರ್ಸು ಒಂದೇ ಕಾಲೇಜಿನಲ್ಲಿ ಮುಗಿಸಬೇಕು ಅಂತ ಅದೇ ನಿಯಮದಲ್ಲಿದೆ. ಉಕ್ರೇನಿನ ಮಕ್ಕಳಿಗೆ ಯುದ್ಧ ಅಂತ ವಿನಾಯಿತಿ ಕೊಟ್ಟಿದ್ದರು, ಎಲ್ಲರಿಗೂ ಅಲ್ಲ. ನಮ್ಮ ಕೈಯಿಂದ ಇನ್ನೂ ಒಂದೂವರೆ ಲಕ್ಷ ಕಿತ್ತು ಇನ್ನೊಂದು ಗುಂಡಿಗೆ ತಳ್ಳುವ ಪ್ಲಾನು.

ರೀಫಂಡ್ ಕೇಳಿದ ದಿನದಿಂದ ಭಾಷೆಯೇ ಬದಲಾಯಿತು. ದುಡ್ಡು ಕೊಡುವವರೆಗೆ ಅಂಕಲ್, ಕೊಟ್ಟ ಮೇಲೆ ಸರ್, ವಾಪಸ್ ಕೇಳಿದ ಮೇಲೆ “ನೋಡ್ರೀ, ಅಗ್ರಿಮೆಂಟ್ ಓದ್ಕೊಳ್ಳಿ. ಸರ್ವಿಸ್ ಚಾರ್ಜ್ ನಾನ್ ರೀಫಂಡಬಲ್.” ಆಮೇಲೆ ಬ್ಲೂ ಟಿಕ್ ಬರುತ್ತೆ, ಉತ್ತರ ಬರಲ್ಲ. ದಾವಣಗೆರೆ ಆಫೀಸಿಗೆ ಹೋದರೆ “ಸರ್ ಬೆಂಗಳೂರಲ್ಲಿದಾರೆ”. ಬೆಂಗಳೂರಿಗೆ ಹೋದರೆ “ಸರ್ ಫಾರಿನ್ ಟೂರಲ್ಲಿದಾರೆ”. ರಿಸೆಪ್ಷನ್ ಹುಡುಗಿ ಮಾತ್ರ ಎರಡೂ ಕಡೆ ಬಾದಾಮಿ ಹಾಲು ಬೇಕಾ ಅಂತ ಕೇಳಿದಳು. ಪಾಪ, ಅವಳದೇನು ತಪ್ಪು.

ಮಗಳನ್ನು ವಾಪಸ್ ಕರೆಸಿಕೊಂಡೆವು. ಬಾಡಿಹೋಗಿ ಬಂದಳು. ಅಲ್ಲಿನ ಕಾಲೇಜಿನವರು ಮಾರ್ಕ್ಸ್ ಕಾರ್ಡ್ ವಾಪಸ್ ಕೊಡೋಕೂ ಸತಾಯಿಸಿದರು, ಅದೇ ದೊಡ್ಡ ಕಥೆ, ಬಿಡಿ. ಈಗ ದಾವಣಗೆರೆಯಲ್ಲೇ ಬಿಎಸ್ಸಿ ನರ್ಸಿಂಗ್ ಓದುತ್ತಿದ್ದಾಳೆ. ಆ ಕನ್ಸಲ್ಟೆನ್ಸಿಯವರು ಮಾತ್ರ ಏರ್‌ಪೋರ್ಟಿನಲ್ಲಿ ತೆಗೆದ ಅವಳ ಫೋಟೋವನ್ನು ಈಗಲೂ ಜಾಹೀರಾತಿಗೆ ಹಾಕುತ್ತಾರೆ. ಟ್ರಾಲಿ, ಕೈಯಲ್ಲಿ ಬಾವುಟ, “ನಮ್ಮ ಭಾವೀ ಡಾಕ್ಟರ್”. ತೆಗೀರಿ ಅಂದರೆ ಬಂದ ಉತ್ತರ: “ಪ್ರಮೋಷನ್‌ಗೆ ಕನ್ಸೆಂಟ್ ಅಗ್ರಿಮೆಂಟಲ್ಲೇ ಇದೆ.”

ಕಳಿಸಲೇಬೇಕು ಅನ್ನುವವರಿಗೆ ನಾನು ಬೇಡ ಅನ್ನಲ್ಲ, ಸರಿಯಾದ ಕಾಲೇಜಿಗೆ ಹೋಗಿ ಓದಿ ಬಂದು ಪಾಸಾದವರೂ ಇದ್ದಾರೆ. ದೇಶ ಯಾವುದು ಅಂತ ಆಮೇಲೆ ನೋಡಿ, ಮೊದಲು ಆ ಕಾಲೇಜಿನ ಸಿಲೆಬಸ್ ತರಿಸಿ, ಯಾವ ವರ್ಷ ಏನು ಅಂತ ನೀವೇ ಬೆರಳಲ್ಲಿ ಎಣಿಸಿ. ಕಾಲೇಜಿಗೆ ನೇರ ಇಮೇಲ್ ಮಾಡಿ ಫೀಸು ಕೇಳಿ. ದುಡ್ಡು ಬ್ಯಾಂಕಿನಿಂದ ಯೂನಿವರ್ಸಿಟಿ ಅಕೌಂಟಿಗೆ ಮಾತ್ರ, ಕ್ಯಾಶ್ ಕೇಳಿದರೆ ಅವನು ಕಳ್ಳ, ಬೇರೆ ಸಾಕ್ಷಿ ಬೇಡ. ಒರಿಜಿನಲ್ ಯಾರ ಕೈಗೂ ಕೊಡಬೇಡಿ. “ನಮ್ಮ ಕಾಲೇಜಲ್ಲಿ 80 ಪರ್ಸೆಂಟ್ ಎಫ್‌ಎಂಜಿಇ ಪಾಸು” ಅಂತಾರೆ, ನಮಗೂ ಅಂದಿದ್ದರು. ಎಫ್‌ಎಂಜಿಇ ಅಂದರೆ ಹೊರದೇಶದಲ್ಲಿ ಓದಿದವರು ಇಲ್ಲಿ ಡಾಕ್ಟರ್ ಆಗೋಕೆ ಪಾಸಾಗಬೇಕಾದ ಪರೀಕ್ಷೆ. ಪರೀಕ್ಷೆ ನಡೆಸುವ ಎನ್‌ಬಿಇಎಂಎಸ್‌ನವರೇ ಕಾಲೇಜುವಾರು ಫಲಿತಾಂಶ ಹಾಕುತ್ತಾರೆ, ಅದರಲ್ಲಿ ಹುಡುಕಿ. 300 ಪ್ರಶ್ನೆಗೆ 150 ತೆಗೀಬೇಕು. 2024ರ ಜೂನ್ ಸೆಷನ್ನಿನಲ್ಲಿ ಪಾಸಾದವರು ನೂರಕ್ಕೆ 21ರ ಆಸುಪಾಸು. 80 ಪರ್ಸೆಂಟ್ ಎಲ್ಲಿಂದ ಬಂತು?

ದಾವಣಗೆರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಹಾಕಿದ್ದೇವೆ. ಅವರ ವಕೀಲರ ಉತ್ತರ ಬಂದಿದೆ: “ನಮ್ಮ ಕಕ್ಷಿದಾರರು ಮಾರ್ಗದರ್ಶನ ನೀಡುವವರು ಮಾತ್ರ, ದೂರುದಾರರು ಸ್ವಇಚ್ಛೆಯಿಂದ ದೇಶ ಬದಲಾಯಿಸಿಕೊಂಡಿದ್ದಾರೆ.” ಸ್ವಇಚ್ಛೆ! ಅಕೌಂಟಿಗೆ ಹಾಕಿದ್ದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಇದೆ, ವಾಯ್ಸ್ ಮೆಸೇಜ್ ಇವೆ, ಕ್ಯಾಶ್ ಕೊಟ್ಟದ್ದಕ್ಕೆ ಆ ದರಿದ್ರ ರಸೀದಿ ಬಿಟ್ಟರೆ ಏನೂ ಇಲ್ಲ. 2024ರಲ್ಲಿ ಅದೇ ಸೆಮಿನಾರಿನಲ್ಲಿ ಜಾರ್ಜಿಯಾಕ್ಕೆ ಅಂತ ಕಟ್ಟಿ ಬೇರೆ ಕಡೆ ಹೋದವರು ಇನ್ನೂ ಇದ್ದಾರೆ, ನಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದರು. ಮರ್ಯಾದೆಗೆ ಅಂಜಿ ಸುಮ್ಮನಿದ್ದೀರಿ ಅಂತ ಗೊತ್ತು. ಚಾಟ್ ಡಿಲೀಟ್ ಮಾಡಬೇಡಿ, ರಸೀದಿ ಎತ್ತಿಡಿ, ನನಗೆ ಮೆಸೇಜ್ ಮಾಡಿ. ಎರಡು ವರ್ಷ ದಾಟಿದರೆ ಆಯೋಗದವರು ತಡ ಯಾಕಾಯಿತು ಅಂತ ಕೇಳುತ್ತಾರೆ, ಅದಕ್ಕೇ ಇನ್ನೊಂದು ಅರ್ಜಿ ಹಾಕಬೇಕಾಗುತ್ತೆ.