ಬ್ರೇವ್ ಗಾಗಲ್ಸ್: ಒಂದೇ ಅಭಿರುಚಿಯವರು ಕೂಡಿ ತಿದ್ದುವ ಹುಡುಕಾಟ

ಯಾವ ತಾಣ ಕೆಲಸಕ್ಕೆ ಬರುತ್ತದೆ, ಯಾವುದರಲ್ಲಿ ಬರೀ ಜಾಹೀರಾತು ತುಂಬಿದೆ ಅನ್ನುವುದು ಒಂದೇ ಕಸುಬಿನ ನಾಲ್ಕು ಜನಕ್ಕೆ ಚೆನ್ನಾಗಿ ಗೊತ್ತಿರುತ್ತದೆ. ಆ ಅನುಭವವನ್ನು ಒಂದು ಫೈಲಿನಲ್ಲಿ ಬರೆದಿಟ್ಟು, ಬೇಕಾದವರೆಲ್ಲ ತಮ್ಮ ಹುಡುಕಾಟಕ್ಕೆ ಹಚ್ಚಿಕೊಳ್ಳಲು ಬ್ರೇವ್ ಸರ್ಚ್ ಎಂಬ ಹುಡುಕುಯಂತ್ರದ ಗಾಗಲ್ಸ್ ಅನುವು ಮಾಡಿಕೊಡುತ್ತದೆ. 2022ರಲ್ಲಿ ಬಂದ ಸೌಲಭ್ಯ ಇದು. ದುಡ್ಡು ಕೊಡಬೇಕಿಲ್ಲ, ಬ್ರೇವ್ ಬ್ರೌಸರೇ ಬೇಕೆಂದೂ ಇಲ್ಲ.

ಮೊದಲು ಬೇರೆಯವರು ಮಾಡಿಟ್ಟ ಇಂಥ ಸಿದ್ಧ ಪಟ್ಟಿಗಳನ್ನು ನೋಡಿ. ತಂತ್ರಜ್ಞಾನದ ಸುದ್ದಿ, ಚರ್ಚೆಗಳ ತಾಣ ಹ್ಯಾಕರ್ ನ್ಯೂಸ್‌ನ ಓದುಗರು ಮೆಚ್ಚುವ ತಾಣಗಳನ್ನು ಮೇಲೆ ತರುವುದೊಂದಿದೆ. ಪ್ರೋಗ್ರಾಮಿಂಗ್ ಮಾಡುವವರಿಗೆ ಇದೇ ಸಾಕು. ಹೆಚ್ಚು ಜನ ನೋಡುವ 1,000 ತಾಣಗಳನ್ನು ಪೂರ್ತಿ ಕೈಬಿಡುವುದು ಇನ್ನೊಂದು. ಸಣ್ಣ ಬ್ಲಾಗುಗಳು ಕಣ್ಣಿಗೆ ಬೀಳುವುದು ಇದರಲ್ಲೇ.

ಸ್ವಂತದ್ದು ಮಾಡುವುದೂ ಕಷ್ಟವಲ್ಲ. ಸಾದಾ ಟೆಕ್ಸ್ಟ್ ಫೈಲ್ ತೆರೆದು, ಮೇಲಿನ ಸಾಲುಗಳಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಹೆಸರು, ವಿವರಣೆ, ಲೇಖಕ, ಸಾರ್ವಜನಿಕವೋ ಅಲ್ಲವೋ ಎಂಬುದನ್ನು ಬರೆಯಬೇಕು. ಆಮೇಲೆ ಸಾಲಿಗೊಂದು ನಿಯಮ. ತಾಣವನ್ನು ಮೇಲೇರಿಸಲು ಬೂಸ್ಟ್, ಇಳಿಸಲು ಡೌನ್‌ರ‍್ಯಾಂಕ್, ತೆಗೆದೇಬಿಡಲು ಡಿಸ್ಕಾರ್ಡ್. ಇವನ್ನು ಇಂಗ್ಲಿಷ್ ಅಕ್ಷರಗಳಲ್ಲೇ, ಮುಂದೆ ಡಾಲರ್ ಚಿಹ್ನೆ ಹಚ್ಚಿ ಬರೆಯಬೇಕು. ಬೂಸ್ಟ್‌ಗೆ 1ರಿಂದ 10ರವರೆಗೆ ಅಂಕಿ ಕೊಡಬಹುದು. 10 ಕೊಟ್ಟರೆ ಸಂಬಂಧವಿಲ್ಲದ ಪುಟವೂ ಮೇಲೆ ಬಂದು ಕೂರುತ್ತದೆ, 2 ಅಥವಾ 3ರಿಂದ ಶುರು ಮಾಡಿ. ಫೈಲನ್ನು ಕೋಡ್ ಇಟ್ಟು ಹಂಚಿಕೊಳ್ಳುವ ತಾಣಗಳಾದ ಗಿಟ್‌ಹಬ್‌ನಲ್ಲೋ ಗಿಟ್‌ಲ್ಯಾಬ್‌ನಲ್ಲೋ ಇಟ್ಟು, ಕೊಂಡಿಯನ್ನು ಬ್ರೇವ್‌ಗೆ ಸಲ್ಲಿಸಿದರಾಯಿತು. ಮುಂದೆ ಏನಾದರೂ ತಿದ್ದಿದರೆ ಮತ್ತೆ ಸಲ್ಲಿಸಬೇಕು, ಇಲ್ಲದಿದ್ದರೆ ಹಳೆಯದೇ ನಡೆಯುತ್ತಿರುತ್ತದೆ.

ಹೆಚ್ಚಿನವರು ಎಡವುವುದು ಡಿಸ್ಕಾರ್ಡ್‌ನಲ್ಲಿ. ಎಲ್ಲವನ್ನೂ ಬಿಟ್ಟು ಹತ್ತು ತಾಣ ಮಾತ್ರ ಉಳಿಸಿಕೊಂಡರೆ ಫಲಿತಾಂಶದ ಪುಟವೇ ಖಾಲಿಯಾಗಬಹುದು. ಕಾರಣ, ಆ ಪ್ರಶ್ನೆಗೆ ಬ್ರೇವ್ ಮೊದಲೇ ಆರಿಸಿಕೊಂಡ ಪುಟಗಳ ಮೇಲಷ್ಟೇ ನಿಯಮ ಓಡುತ್ತದೆ. ಅಲ್ಲಿಲ್ಲದ್ದನ್ನು ಅದು ಹೊಸದಾಗಿ ಹುಡುಕಿ ತರುವುದಿಲ್ಲ. ನೂರಾರು ತಾಣಗಳ ಪಟ್ಟಿ ಕೈಯಲ್ಲಿಲ್ಲದಿದ್ದರೆ ಬೂಸ್ಟ್ ಸಾಕು.

ಕನ್ನಡದ ಹುಡುಕಾಟಕ್ಕೂ ಇದೇ ಮಿತಿ. ಕಣಜ, ವಚನ ಸಂಚಯ, ಕನ್ನಡ ವಿಕಿಪೀಡಿಯಗಳಿಗೆ ಬೂಸ್ಟ್ ಕೊಟ್ಟ ಪಟ್ಟಿಯೊಂದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಖಂಡಿತ ಬೇಕು. ಆದರೆ ಬ್ರೇವ್‌ನ ಸೂಚಿಯಲ್ಲಿ, ಅಂದರೆ ಅದು ಹುಡುಕಾಟಕ್ಕೆಂದು ದಾಖಲಿಸಿಟ್ಟ ಪುಟಗಳ ಸಂಗ್ರಹದಲ್ಲಿ, ಇಲ್ಲದ ಪುಟವನ್ನು ಯಾವ ಪಟ್ಟಿಯೂ ಮೇಲೆ ತರಲಾರದು. ಹಾಗಾಗಿ ಪಟ್ಟಿ ಬರೆಯುವ ಮುಂಚೆ ಬೇಕಾದ ತಾಣಗಳ ಹೆಸರನ್ನೇ ಕೊಟ್ಟು ಹುಡುಕಿ, ಪುಟಗಳು ಸಿಗುತ್ತವೆಯೇ ನೋಡಿಕೊಳ್ಳಿ.

ಬೇರೆಯವರ ಪಟ್ಟಿ ಹಾಕಿಕೊಳ್ಳುವಾಗ ಫೈಲನ್ನು ಕೊನೆಯ ಸಲ ತಿದ್ದಿದ ದಿನಾಂಕವನ್ನೂ ಗಮನಿಸಿ. ಮಾಡಿದವರೇ ಕೈಬಿಟ್ಟ ಪಟ್ಟಿಗೆ ಹೊಸ ಕಸದ ತಾಣಗಳ ಸುಳಿವೇ ಇರುವುದಿಲ್ಲ.